ಮಾರುವುದು ಘಟ್ಟದ ಮೇಲೆ, ಕೊಳ್ಳುವುದು ಕೆಳಗೆ: ವಕೀಲರು ಒಬ್ಬರೇ ಸಾಕೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಪಾಲಿಗೆ ಬಂದ ಮನೆ ಇದೆ. ಅಪ್ಪ ಈಗಿಲ್ಲ, ಮನೆ ಬಾಗಿಲು ಹಾಕಿದೆ. ಅದನ್ನು ಮಾರಿ, ಅಮ್ಮನಿಗೆ ಪೇಟೆ, ಆಸ್ಪತ್ರೆ ಹತ್ತಿರವಾಗಲಿ ಎಂದು ಕುಮಟಾ ಕಡೆ ಸಣ್ಣದೊಂದು ಮನೆ ಕೊಳ್ಳುವ ಯೋಚನೆ. ಬೆಂಗಳೂರಿನಲ್ಲಿ ಪರಿಚಯದ ವಕೀಲರಿದ್ದಾರೆ. ಕುಮಟಾದ ಬ್ರೋಕರು ‘ನಮ್ಮ ವಕೀಲರೇ ಎಲ್ಲಾ ಮಾಡಿಕೊಡ್ತಾರೆ’ ಅಂದಿದ್ದಾರೆ. ಯಾರನ್ನು ಹಿಡಿಯಬೇಕು? ದೀಪಾವಳಿಗೆ ನಾಲ್ಕು ದಿನ ಊರಿಗೆ ಬರುತ್ತೇವೆ, ಅಷ್ಟರಲ್ಲಿ ಮುಗಿದೀತೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ: ಮುಗಿಯುವುದಿಲ್ಲ. ಆದರೆ ಆ ನಾಲ್ಕು ದಿನದಲ್ಲಿ ಒಳ್ಳೆಯ ವಕೀಲರೊಬ್ಬರನ್ನು ಗೊತ್ತುಮಾಡಿಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ನಾನು ವಕೀಲನಲ್ಲ. ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಘಟ್ಟದ ಮೇಲಿನ ಶಾಖೆಗಳಲ್ಲೂ ಕೆಳಗಿನ ಶಾಖೆಗಳಲ್ಲೂ ಮನೆಸಾಲದ ಕಡತ ಓದಿದ್ದೇನೆ. ವಕೀಲರು ಕೊಡುವ ವರದಿಯ ಮೊದಲ ಪುಟ ನೋಡಿದರೆ ಸಾಕು, ಇವರು ಕಾಗದ ಓದಿ ಬರೆದರೋ, ಹಳೆಯ ವರದಿಯಲ್ಲಿ ಹೆಸರು, ಸರ್ವೆ ನಂಬರು ಬದಲಾಯಿಸಿ ಕೊಟ್ಟರೋ ಗೊತ್ತಾಗುತ್ತದೆ.

ಮುಂಬೈ ನಂಟಿರುವ ಕಾರವಾರದ ಹಿರಿಯರು ಕೆಲವರು ‘ಸಾಲಿಸಿಟರ್ ಬೇಕಾ?’ ಎಂದು ಕೇಳುವುದುಂಟು. ನಮ್ಮಲ್ಲಿ ಅಂಥ ಬೇರೆ ಜಾತಿಯೇ ಇಲ್ಲ. 1961ರ ವಕೀಲರ ಕಾಯ್ದೆಯಡಿ ನೋಂದಾಯಿಸಿಕೊಂಡವರೆಲ್ಲ ವಕೀಲರೇ. ಹಾಗಾಗಿ ನಿಮ್ಮ ಬೆಂಗಳೂರಿನ ವಕೀಲರು ಶಿರಸಿಯ ಮನೆಯ ಕಾಗದ ನೋಡಬಾರದು ಎಂದೇನಿಲ್ಲ. ಆದರೆ ಅವರ ಕಣ್ಣಿಗೆ ಅಭ್ಯಾಸವಾಗಿರುವುದು ಬಿಡಿಎ ಸೈಟು, ಅಪಾರ್ಟ್‌ಮೆಂಟು. ಪಹಣಿ, ಅಂದರೆ ಜಮೀನಿನ ಕಂದಾಯ ದಾಖಲೆಯ, ಒಂಬತ್ತನೇ ಕಾಲಂನಲ್ಲಿ ನಿಮ್ಮ ಅಪ್ಪನ ಹೆಸರು ನೋಡಿ ಅವರು ಸರಿಯಿದೆ ಅನ್ನಬಹುದು. ಊರಿನ ವಕೀಲರು ಅಲ್ಲಿಂದಲೇ ಶುರು ಮಾಡುತ್ತಾರೆ.

ನನ್ನ ಸಲಹೆ, ಎರಡು ಊರಿಗೆ ಇಬ್ಬರು ವಕೀಲರು. ದುಂದು ಎನಿಸಬಹುದು. ಆದರೆ ಘಟ್ಟದ ಮೇಲಿನ ಆಸ್ತಿಯ ತಕರಾರೇ ಬೇರೆ, ಕೆಳಗಿನದೇ ಬೇರೆ.

ಮೊದಲು ಶಿರಸಿಯ ಮನೆ. ಮಾರುವವರಿಗೆ ವಕೀಲರು ಯಾಕೆ, ದುಡ್ಡು ಎಣಿಸಿಕೊಂಡರಾಯಿತು ಎಂಬ ಮಾತಿದೆ. ನನ್ನ ಕಣ್ಣೆದುರು ಮುರಿದುಬಿದ್ದ ವ್ಯಾಪಾರಗಳು ಹೆಚ್ಚಾಗಿ ಮಾರುವವರ ಕಾಗದದಿಂದಲೇ ಮುರಿದದ್ದು. ನಿಮ್ಮನ್ನು ಕೂರಿಸಿಕೊಂಡ ವಕೀಲರು ದರ ಕೇಳುವ ಮೊದಲು ಕೇಳಬೇಕಾದ್ದು: ‘ಅಕ್ಕತಂಗಿಯರು ಎಷ್ಟು ಜನ?’ ಅಪ್ಪನ ಪಾಲಿಗೆ ಬಂದದ್ದು ಎಂದಿರಿ. ಆ ಹಿಸ್ಸೆ ಯಾವಾಗ ಆಯಿತು, ನೋಂದಣಿ ಆಗಿತ್ತೇ, ಜಗಲಿಯ ಮೇಲೆ ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದದ್ದೇ? ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪಾಲುಪತ್ರ ಆಗಿದ್ದರೆ ಅದನ್ನು ಆ 2005ರ ಕಾಯ್ದೆ ಕದಲಿಸುವುದಿಲ್ಲ. ಬಾಯಿಮಾತಿನ ಹಿಸ್ಸೆಗೆ ಆ ಭದ್ರತೆ ಸುಲಭಕ್ಕೆ ಸಿಗದು. ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದ ಮೇಲಂತೂ, ಅತ್ತೆಯಂದಿರ, ಅಂದರೆ ಅಪ್ಪನ ಅಕ್ಕತಂಗಿಯರ, ಸಹಿ ಇಲ್ಲದ ಖರೀದಿ ಪತ್ರ ಹಿಡಿದುಕೊಂಡು ಬಂದವರಿಗೆ ಸಾಲ ಕೊಡಲು ನಮ್ಮ ಕೈ ನಡುಗುತ್ತಿತ್ತು.

ಆಮೇಲೆ, ಜಮೀನು ಗೇಣಿಯದೇ, ಅಂದರೆ ಹಿಂದೆ ಬೇರೆ ಒಡೆಯರಿಂದ ಸಾಗುವಳಿಗೆ ಪಡೆದದ್ದೇ? ‘ಉಳುವವನೇ ಹೊಲದೊಡೆಯ’ ಆದದ್ದು 1974ರಲ್ಲಿ. ಆಗ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದು ಎಷ್ಟೋ ಮನೆಗಳಲ್ಲಿ ಹಿರಿಯಣ್ಣ ಒಬ್ಬ. ಮಂಡಳಿಯ ಆದೇಶವೂ ಅವನ ಹೆಸರಿಗೇ. ಅದು ಅವನೊಬ್ಬನದಲ್ಲ, ಮನೆತನಕ್ಕೆಲ್ಲ ಸೇರಿದ್ದು ಎಂದು ತಮ್ಮಂದಿರ ಮಕ್ಕಳು ದಾವೆ ಹೂಡಿದ್ದು ಬೇಕಾದಷ್ಟಿದೆ, ಗೆದ್ದದ್ದೂ ಇದೆ. ಊರಿನ ವಕೀಲರಿಗೆ ಆ ಆದೇಶದ ನಕಲು ಎಲ್ಲಿ ತೆಗೆಸಬೇಕು, ಅದರಲ್ಲಿ ಯಾವ ಸಾಲು ಓದಬೇಕು ಎಂಬುದು ಗೊತ್ತಿರುತ್ತದೆ.

ಮೂರನೆಯದು ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೆಂಗಳೂರಿನ ವಕೀಲರಿಗೆ ಹೇಳಲೇಬೇಕು. ಅಡಿಕೆ ತೋಟಕ್ಕೆ ಅಂಟಿಕೊಂಡ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ತೋಟದವನದು, ನೆಲ ಸರ್ಕಾರದ್ದು. ತೋಟ ಬಿಟ್ಟು ಬೆಟ್ಟವನ್ನಷ್ಟೇ ಮಾರಲಾಗದು. ಆದರೆ ಮನೆ ಎಲ್ಲಿದೆ? ಮನೆ ಗಾಂವಠಾಣದಲ್ಲಿ (ಊರಿನ ವಸತಿ ಜಾಗದಲ್ಲಿ) ಇದ್ದರೆ ಒಂದು, ಮಾಲ್ಕಿ (ಸ್ವಂತ ಒಡೆತನದ) ಜಮೀನಿನಲ್ಲಿದ್ದರೆ ಒಂದು, ಅಜ್ಜ ಬೆಟ್ಟದ ಅಂಚಿಗೆ ಕಟ್ಟಿಕೊಂಡದ್ದಾದರೆ ಪೂರ್ತಿ ಬೇರೆ. ಮನೆಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟಿದ ರಸೀದಿ ಐವತ್ತು ವರ್ಷದ್ದು ಇದ್ದರೂ ಅದು ಒಡೆತನದ ಪತ್ರವಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕ ಜಾಗವಾದರೆ ಮಕ್ಕಳಿಗೆ ಹೋಗುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಸಾಕ್ಷಿ ಸಹಿಯ ಬಾಂಡ್ ಕಾಗದದ ಮೇಲೆ ಇಂಥ ಜಾಗ ಕೊಂಡವರನ್ನು ನೋಡಿದ್ದೇನೆ. ಅವರು ಕೊಂಡದ್ದು ಬಾಂಡ್ ಕಾಗದ ಮಾತ್ರ.

ಇನ್ನು ದಾರಿ ಮತ್ತು ನೀರು. ನಿಮ್ಮ ಮನೆಗೆ ಜೀಪು ಹೋಗುವುದು ದೊಡ್ಡಪ್ಪನ ಅಂಗಳದ ಮೇಲೆ, ಬೆಟ್ಟದಿಂದ ಹರಿದುಬರುವ ಅಬ್ಬಿ ನೀರು ಬರುವುದು ಅವರ ತೋಟದೊಳಗಿನ ಪೈಪಿನಲ್ಲಿ ಎಂದಿಟ್ಟುಕೊಳ್ಳಿ. ನೀವಿದ್ದಷ್ಟು ದಿನ ಯಾರೂ ಮಾತಾಡುವುದಿಲ್ಲ. ಮನೆ ಹೊರಗಿನವರ ಕೈಗೆ ಹೋದ ಮರುದಿನ ಬೇಲಿ ಬರುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ ಕಾನೂನಿನ ರಕ್ಷಣೆ ಇದೆ, ಆದರೆ ಅದನ್ನು ಸಾಬೀತುಮಾಡಲು ಕೋರ್ಟಿಗೆ ಹೋಗಬೇಕು. ಪಹಣಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಒಂದು ಸಲ ಜಾಗಕ್ಕೆ ಬಂದು ನೋಡುತ್ತೇನೆ ಎನ್ನುವ ವಕೀಲರು ಸಿಕ್ಕರೆ ಬಿಡಬೇಡಿ. ಅಂಥವರು ಕಡಿಮೆ, ಆದರೆ ಇದ್ದಾರೆ.

ಪಹಣಿಯ ಹನ್ನೊಂದನೇ ಕಾಲಂನಲ್ಲಿ ಅಪ್ಪ ತೆಗೆದ ಸೊಸೈಟಿ ಸಾಲದ ಬೋಜಾ (ಸಾಲದ ಹೊರೆಯ ನಮೂದು) ಇದ್ದರೆ ಈಗಲೇ ಇಳಿಸಿಕೊಳ್ಳಿ. ತೀರಿಸಿದ ಸಾಲವೂ ಅಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅದಕ್ಕೆ ಭೂಮಾಪಕರು ಬರಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಅಳತೆ ಕೆಲಸ ಕುಂಟುತ್ತದೆ.

ಕುಮಟಾದ ಕಡೆಗೆ ಬರೋಣ. ಘಟ್ಟ ಇಳಿದೊಡನೆ ಪ್ರಶ್ನೆ ಬದಲಾಗುತ್ತದೆ. ಸಮುದ್ರ ಎಷ್ಟು ದೂರ? ಉಬ್ಬರದ ರೇಖೆಯಿಂದ 500 ಮೀಟರಿನವರೆಗೆ ಕರಾವಳಿ ನಿಯಂತ್ರಣ ವಲಯ, ಅದೇ ಸಿಆರ್‌ಜೆಡ್. ಹಳ್ಳಿಯ ಭಾಗದಲ್ಲಿ ಅದರೊಳಗೂ ಹೊಸದಾಗಿ ಕಟ್ಟಲೇಬಾರದ ಪಟ್ಟಿ ಇರುತ್ತದೆ. ಸಮುದ್ರ ಕಾಣದಿದ್ದರೂ ಮೈಮರೆಯಬೇಡಿ. ಅಘನಾಶಿನಿ, ಶರಾವತಿ, ಗಂಗಾವಳಿ, ಕಾಳಿ ನದಿಗಳಲ್ಲಿ ಉಪ್ಪುನೀರು ಒಳನಾಡಿಗೆ ಏರುತ್ತದೆ, ನಿಯಮವೂ ಅದರ ಜೊತೆಗೇ ಏರುತ್ತದೆ. ನೀವು ಕೊಳ್ಳುವ ಮನೆ ಹಳೆಯದಾದರೆ ಹಿಂದೆ ಒಂದು ಕೋಣೆ ಹೊಸದಾಗಿ ಸೇರಿಸಿದ್ದಾರೆಯೇ, ಅದಕ್ಕೆ ಪರವಾನಗಿ ಇದೆಯೇ ಎಂದು ಕೇಳುವ ವಕೀಲರು ಬೇಕು. ಹಾಗೆಯೇ ರಾಷ್ಟ್ರೀಯ ಹೆದ್ದಾರಿ 66ರ ಬದಿಯಾದರೆ, ಸ್ವಾಧೀನಕ್ಕೆ ಹೋದ ಭಾಗ ಕಳೆದು ಪಹಣಿಯಲ್ಲಿ ಎಷ್ಟು ಉಳಿದಿದೆ, ನೆಲದ ಮೇಲೆ ಎಷ್ಟಿದೆ ಎಂದು ಎರಡನ್ನೂ ಹೋಲಿಸಬೇಕು. ಕಾರವಾರ, ಅಂಕೋಲಾ ಕಡೆ ಕೊಳ್ಳುವವರು ನೌಕಾನೆಲೆಗಾಗಿ ಆದ ಸ್ವಾಧೀನವನ್ನೂ ನಿರಾಶ್ರಿತರಿಗೆ ಕೊಟ್ಟ ನಿವೇಶನಗಳ ಷರತ್ತನ್ನೂ ನೋಡಿಸಿಕೊಳ್ಳಬೇಕು.

ಕರಾವಳಿಯ ಇನ್ನೊಂದು ಗಂಟು ಎಂದರೆ ಮಾಲೀಕರು ಊರಲ್ಲಿ ಇರುವುದಿಲ್ಲ. ಒಬ್ಬ ಮುಂಬೈ, ಒಬ್ಬ ಗೋವಾ, ಮತ್ತೊಬ್ಬ ಗಲ್ಫ್. ಊರಲ್ಲಿರುವ ತಮ್ಮನ ಕೈಲಿ ಮುಖ್ತಿಯಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ. ಅದನ್ನು ಬರೆದುಕೊಟ್ಟವರು ಇವತ್ತಿಗೂ ಬದುಕಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ, ಏಕೆಂದರೆ ಸಾಮಾನ್ಯ ಮುಖ್ತಿಯಾರಿಕೆ ಬರೆದವರ ಜೊತೆಗೇ ಸಾಯುತ್ತದೆ. ವಿದೇಶದಲ್ಲಿ ಬರೆದದ್ದಾದರೆ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಆಗಿರಬೇಕು. ಜಿಪಿಎ, ಅಂದರೆ ಈ ಸಾಮಾನ್ಯ ಮುಖ್ತಿಯಾರ ಪತ್ರ, ಒಂದನ್ನೇ ಹಿಡಿದುಕೊಂಡು ‘ಮನೆ ನಿಮ್ಮದಾಯಿತು’ ಎಂದರೆ ನಂಬಬೇಡಿ. ಅದರಿಂದ ಒಡೆತನ ಬರದು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಇಷ್ಟೆಲ್ಲ ಓದಿದ ಮೇಲೆ ‘ಇಂಥ ವಕೀಲರು ಎಲ್ಲಿ ಸಿಗುತ್ತಾರೆ’ ಎಂದು ಕೇಳುತ್ತೀರಿ. ಜಾಹೀರಾತಿನಲ್ಲಿ ಹುಡುಕಬೇಡಿ. ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ತಡೆಯುತ್ತದೆ, ಆದ್ದರಿಂದ ಮೊಬೈಲಿನಲ್ಲಿ ಮೇಲೆ ಕಾಣುವ ಹೆಸರಿಗೆ ಅರ್ಥವಿಲ್ಲ. ಆ ಊರಿನಲ್ಲಿ ಎರಡು ಮೂರು ವರ್ಷದ ಹಿಂದೆ ಮನೆ ಕೊಂಡವರನ್ನು ಹಿಡಿಯಿರಿ. ಮೊನ್ನೆ ಕೊಂಡವರಿಗೆ ತೊಂದರೆ ಇನ್ನೂ ಕಂಡಿರುವುದಿಲ್ಲ. ಬ್ಯಾಂಕಿನ ಶಾಖೆಗೆ ಹೋಗಿ ಪ್ಯಾನಲ್ ವಕೀಲರು, ಅಂದರೆ ಬ್ಯಾಂಕು ಕಾಗದ ನೋಡಲು ಗೊತ್ತುಮಾಡಿಕೊಂಡವರು, ಯಾರು ಎಂದು ಕೇಳಿ, ಹೇಳುತ್ತಾರೆ. ಆಸ್ತಿಯ ಕಾಗದ ಓದುವುದೇ ಅವರ ನಿತ್ಯದ ಕೆಲಸ ಎಂದಷ್ಟು ಖಾತ್ರಿಯಾಗುತ್ತದೆ. ಕೋರ್ಟಿನಲ್ಲಿ ಅಬ್ಬರಿಸಿ ವಾದಿಸುವವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ನಿಮಗೆ ಬೇಕಾದವರು ಅವರಲ್ಲ. ಸಿವಿಲ್ ಕಡೆಯ, ಮೆಲ್ಲಗೆ ಮಾತಾಡುವ, ಕನ್ನಡಕ ಹಣೆಗೇರಿಸಿ ಹಳೆಯ ಹಕ್ಕುಬದಲಾವಣೆ ನಮೂದು ಓದುವವರು ಬೇಕು.

ಒಂದು ಎಚ್ಚರ. ಬ್ಯಾಂಕಿಗೆ ವರದಿ ಕೊಟ್ಟ ವಕೀಲರು ಬ್ಯಾಂಕಿನವರು, ಸಾಲಕ್ಕೆ ಆಧಾರ ಸಾಕೇ ಎಂದು ನೋಡಿದವರು. ನೀವು ಶುಲ್ಕ ಕೊಟ್ಟಿದ್ದರೂ ಆ ವರದಿ ನಿಮ್ಮದಲ್ಲ. ‘ಬ್ಯಾಂಕೇ ಸಾಲ ಕೊಟ್ಟಿದೆ, ಕಾಗದ ಸರಿ ಇರಲೇಬೇಕು’ ಎನ್ನುವವರಿಗೆ ಆ ಮೇಜಿನ ಹಿಂದೆ ಕೂತವನಾಗಿ ನಾನು ಹೇಳುವುದಿಷ್ಟೇ: ಹಾಗೆ ಅಂದುಕೊಳ್ಳಬೇಡಿ. ದಾರಿಗೆ ಬೇಲಿ ಬಿದ್ದರೆ ಬ್ಯಾಂಕಿಗೆ ಕಂತು ಬರುತ್ತಲೇ ಇರುತ್ತದೆ.

ಬ್ರೋಕರು ಹೇಳಿದ ವಕೀಲರು ಬೇಡ. ಅವರು ಕೆಟ್ಟವರೆಂದಲ್ಲ, ವ್ಯಾಪಾರ ಆಗಲಿ ಎಂಬುದು ಅವರನ್ನು ಕರೆತಂದವರ ಹಿತ. ಮಾರುವವರಿಗೂ ಕೊಳ್ಳುವವರಿಗೂ ಒಬ್ಬರೇ ವಕೀಲರು ಎಂಬ ಪದ್ಧತಿ ನಮ್ಮ ಕಡೆ ಜೋರಾಗಿದೆ, ಖರ್ಚು ಉಳಿಯುತ್ತದೆಂದು. ನಾನೂ ಮಾಡಿದ್ದೇನೆ. ಹೊನ್ನಾವರದ ಹತ್ತಿರ ಹತ್ತು ಗುಂಟೆ ಕೊಂಡಾಗ ಮಾರಿದವರ ವಕೀಲರೇ ‘ನಮ್ಮೋರೇ ಅಲ್ದಾ, ನಾನೇ ಬರೆದುಕೊಡ್ತೆ’ ಎಂದರು. ಖರೀದಿ ಪತ್ರದಲ್ಲಿ ಬಾವಿಯ ಹಕ್ಕಿನ ಒಂದು ಸಾಲು ಬಿಟ್ಟುಹೋಗಿತ್ತು. ಕೇಳಲು ಹೋದರೆ, ಎದುರು ಪಕ್ಷದವರು ತಮ್ಮ ಕಕ್ಷಿದಾರರು, ಹಾಗಾಗಿ ನನ್ನ ಪರ ಮಾತಾಡಲಾಗದು ಎಂದರು. ನಿಯಮದ ಪ್ರಕಾರ ಸರಿಯೇ. ತಿದ್ದುಪಡಿ ಪತ್ರಕ್ಕೆ ಸಹಿ ಹಾಕಿಸಲು ಒಂದು ವರ್ಷ ಅಲೆದೆ.

ಪತ್ರ ಬರೆಯುವವರನ್ನು ವಕೀಲರೆಂದು ತಿಳಿಯುವ ತಪ್ಪೂ ಇದೆ. ಉಪನೋಂದಣಿ ಕಚೇರಿಯ ಹೊರಗಿನ ಪತ್ರ ಬರಹಗಾರರು ನೀವು ಹೇಳಿದ್ದನ್ನು ಸರಿಯಾದ ಭಾಷೆಯಲ್ಲಿ ಬರೆಯುತ್ತಾರೆ, ಹೇಳದೆ ಉಳಿದದ್ದನ್ನು ಹುಡುಕುವುದು ಅವರ ಕೆಲಸವಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತೆಗೆದ ಇ.ಸಿ.ಯೂ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಋಣಭಾರ ಪ್ರಮಾಣಪತ್ರ) ಅಷ್ಟೇ. ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು. ಅದರ ಹಿಂದಿನದಕ್ಕೆ ಕಚೇರಿಯಲ್ಲಿ ಹಳೆಯ ಪುಸ್ತಕ ತೆರೆಸಬೇಕು. ನೋಂದಣಿಯೇ ಆಗದ ಹಿಸ್ಸೆ, ಕೋರ್ಟಿನಲ್ಲಿರುವ ದಾವೆ ಯಾವುದೂ ಅದರಲ್ಲಿ ಕಾಣದೆ ಹೋಗಬಹುದು. ಕನಿಷ್ಠ 30 ವರ್ಷದ ಕಾಗದ ಕೇಳದ ವಕೀಲರ ಕಚೇರಿಯಿಂದ ಚಹಾ ಕುಡಿದು ಎದ್ದು ಬನ್ನಿ.

ಶುಲ್ಕದ ಮಾತು ಮೊದಲ ಭೇಟಿಯಲ್ಲೇ ಆಡಿ, ಸಂಕೋಚ ಬೇಡ. ಕಾಗದ ಪರಿಶೀಲಿಸಿ ಲಿಖಿತ ಅಭಿಪ್ರಾಯ ಕೊಡಲು ಎಷ್ಟು, ಕರಾರು ಪತ್ರ ಮತ್ತು ಖರೀದಿ ಪತ್ರಕ್ಕೆ ಎಷ್ಟು, ನೋಂದಣಿ ದಿನ ಜೊತೆಗೆ ಬರಲು ಎಷ್ಟು, ಖಾತೆ ಬದಲಾವಣೆಯವರೆಗೂ ನೋಡಿಕೊಳ್ಳುತ್ತಾರೆಯೇ? ಮನೆಯ ಬೆಲೆಯ ಮೇಲೆ ಶೇಕಡಾ ಇಷ್ಟು ಎನ್ನುವವರಿಗಿಂತ ಕೆಲಸಕ್ಕೆ ಇಷ್ಟು ಎನ್ನುವವರು ವಾಸಿ ಎಂಬುದು ನನ್ನ ಅಭಿಪ್ರಾಯ. ಸರ್ಕಾರಕ್ಕೆ ಕಟ್ಟುವುದನ್ನು ಇದರೊಳಗೆ ಕಲಸಬಾರದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ‘ಸಬ್‌ರಿಜಿಸ್ಟ್ರಾರ್ ಖರ್ಚು’ ಎಂದು ಚೀಟಿಯಲ್ಲಿ ಒಂದೇ ಮೊತ್ತ ಬರೆದುಕೊಟ್ಟರೆ ಬಿಡಿಸಿ ಬರೆಸಿಕೊಳ್ಳಿ.

ಅಡ್ವಾನ್ಸ್ ಕೊಡುವುದು ಇದೆಲ್ಲ ಆದ ಮೇಲೆ. ನಮ್ಮಲ್ಲಿ ಉಲ್ಟಾ ನಡೆಯುತ್ತದೆ: ಮಾತು ಮುಗಿದ ಸಂಜೆಯೇ ತೆಂಗಿನಕಾಯಿ ಜೊತೆ ಐವತ್ತು ಸಾವಿರ ಕೊಟ್ಟು, ಮರುದಿನ ವಕೀಲರನ್ನು ಹುಡುಕುತ್ತಾರೆ. ಕೊಡಲೇಬೇಕಾದರೆ ಬ್ಯಾಂಕ್ ಮೂಲಕ ಕೊಡಿ, ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ‘ಕಾಗದ ಸರಿ ಬರದಿದ್ದರೆ ವಾಪಸ್’ ಎಂದು ಬರೆಸಿಕೊಳ್ಳುವುದನ್ನು ಮರೆಯಬೇಡಿ.

ನಿಮ್ಮ ನಾಲ್ಕು ದಿನದ ಲೆಕ್ಕ: ಹಬ್ಬದ ದಿನಗಳಲ್ಲಿ ಕಚೇರಿಗಳಿಗೆ ರಜೆ, ಎರಡನೇ ಮತ್ತು ನಾಲ್ಕನೇ ಶನಿವಾರವೂ ಸಾಮಾನ್ಯವಾಗಿ ಮುಚ್ಚಿರುತ್ತವೆ. ಹಬ್ಬದ ಹಿಂದೆ ಮುಂದೆ ಒಂದಾದರೂ ಕೆಲಸದ ದಿನ ಸಿಗುವಂತೆ ಬನ್ನಿ. ಕೋರ್ಟಿನ ಹೊತ್ತಿನಲ್ಲಿ ವಕೀಲರು ಮಾತಿಗೆ ಸಿಗುವುದಿಲ್ಲ, ಸಂಜೆ ಆರರ ಮೇಲೆ ಕಚೇರಿಗೆ ಹೋಗಿ. ಶಿರಸಿಯಲ್ಲಿ ಇಬ್ಬರನ್ನು, ಕುಮಟಾದಲ್ಲಿ ಇಬ್ಬರನ್ನು ನೋಡಿ, ಒಬ್ಬೊಬ್ಬರನ್ನು ಆರಿಸಿ. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಈಗಿನ ಪಹಣಿ, ಮನೆಪಟ್ಟಿ ರಸೀದಿ, ಇಷ್ಟರ ಜೆರಾಕ್ಸ್ ಕೈಲಿರಲಿ. ಮೂಲ ಪತ್ರಗಳನ್ನು ಮೊದಲ ದಿನವೇ ಯಾರಿಗೂ ಕೊಡಬೇಡಿ, ಕೊಟ್ಟ ದಿನ ಪಟ್ಟಿ ಮಾಡಿ ಸಹಿ ತೆಗೆದುಕೊಳ್ಳಿ. ಮತ್ತೆ, ಹಬ್ಬಕ್ಕೆ ಅತ್ತೆಯಂದಿರೂ ತವರಿಗೆ ಬರುತ್ತಾರಲ್ಲ, ಮಾರುವ ವಿಚಾರವನ್ನು ವಕೀಲರಿಗಿಂತ ಮೊದಲು ಅವರ ಹತ್ತಿರ ಮಾತಾಡಿ.