ಸಣ್ಣ ಪಕ್ಷ, ದೊಡ್ಡ ಹೆಸರು: ಉತ್ತರ ಕನ್ನಡದ ಸುದ್ದಿಪುಟದಲ್ಲಿ ಜಾಗ ಯಾರಿಗೆ?

ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಸಂಜೆ ಕಣದಲ್ಲಿ ಉಳಿದವರ ಪಟ್ಟಿ ಕಾರವಾರದ ವರದಿಗಾರರ ಕೈಸೇರುತ್ತದೆ. ಅದರ ಕ್ರಮವನ್ನು ಪ್ರಜಾಪ್ರತಿನಿಧಿ ಕಾಯ್ದೆಯ 38ನೇ ಕಲಮೇ ಗೊತ್ತುಮಾಡಿದೆ: ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ನೋಂದಣಿಯಾಗಿಯೂ ಮಾನ್ಯತೆ ಸಿಗದ ಪಕ್ಷದವರು, ಕಟ್ಟಕಡೆಗೆ ಪಕ್ಷೇತರರು. ಪುಟದಲ್ಲಿ ಜಾಗ ಸಾಲದಿದ್ದರೆ ಡೆಸ್ಕಿನವರು ಕತ್ತರಿ ಹಾಕುವುದು ಕೆಳಗಿನಿಂದ. ಫಲಿತಾಂಶದ ದಿನವೂ ಅಷ್ಟೇ, ಪಟ್ಟಿಯ ಕೆಳಗಿನವರೆಲ್ಲ ಸೇರಿ 'ಇತರರು' ಎಂಬ ಒಂದೇ ಸಾಲಾಗುತ್ತಾರೆ.

ಸರ್ಕಾರಿ ಪ್ರಸಾರದಲ್ಲೂ ಇದೇ ಏಣಿ. 1998ರಿಂದ ವಿಧಾನಸಭಾ ಚುನಾವಣೆಗೆ ಆಕಾಶವಾಣಿ, ದೂರದರ್ಶನಗಳು ಉಚಿತ ಸಮಯ ಕೊಡುತ್ತಿವೆ. ಮಾನ್ಯತೆ ಇರುವ ಪ್ರತಿ ಪಕ್ಷಕ್ಕೂ ಸಾಮಾನ್ಯವಾಗಿ 45 ನಿಮಿಷ, ಹೆಚ್ಚುವರಿ ಸಮಯ ಹಿಂದಿನ ಚುನಾವಣೆಯ ಮತಗಳಿಕೆ ನೋಡಿ. ಉಳಿದವರಿಗೆ ಸೊನ್ನೆ. ಮಾನ್ಯತೆಗೆ ಒಂದು ದಾರಿಯೆಂದರೆ ರಾಜ್ಯದಲ್ಲಿ ಶೇ 6 ಮತ ಮತ್ತು 2 ವಿಧಾನಸಭಾ ಸ್ಥಾನ. ಹೊಸ ಪಕ್ಷಕ್ಕೆ ಮತ ಬೇಕಾದರೆ ಮುಖ ಕಾಣಬೇಕು, ಮುಖ ಕಾಣಬೇಕಾದರೆ ಮೊದಲೇ ಮತ ಬಿದ್ದಿರಬೇಕು!

ಈ ಜಿಲ್ಲೆಯಲ್ಲಿ ಆ ಗಂಟನ್ನು ಬಿಡಿಸಿದ್ದು ಪಕ್ಷವಲ್ಲ, ವ್ಯಕ್ತಿ. 1967ರಲ್ಲಿ ಚುಟುಕು ಕವಿ ದಿನಕರ ದೇಸಾಯಿ ಪಕ್ಷೇತರರಾಗಿ ಕೆನರಾ (ಇಂದಿನ ಉತ್ತರ ಕನ್ನಡ) ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. ಅವರ ಬೆನ್ನಿಗೆ ರೈತ ಹೋರಾಟವಿತ್ತು, ಶಾಲೆ ಕಾಲೇಜುಗಳಿದ್ದವು, 'ಜನಸೇವಕ' ಎಂಬ ಸ್ವಂತ ವಾರಪತ್ರಿಕೆ ಇತ್ತು. ಬೇರೆಯವರ ಪುಟಕ್ಕಾಗಿ ಕಾಯುವ ದರ್ದು ಇರಲಿಲ್ಲ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರದ್ದು ಇನ್ನೊಂದು ಬಗೆ. 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದ ಅವರು 1997ರಲ್ಲಿ ಲೋಕಶಕ್ತಿ ಕಟ್ಟಿದಾಗ ಪಕ್ಷಕ್ಕಿಂತ ಮೊದಲು ಸುದ್ದಿಯಾದದ್ದು ಹೆಗಡೆ. ಮರುವರ್ಷ ಆ ಪಕ್ಷ ಗೆದ್ದ ಲೋಕಸಭಾ ಸ್ಥಾನ 3. ಆದರೂ ಹೆಗಡೆ ಕೇಂದ್ರದ ವಾಣಿಜ್ಯ ಸಚಿವರಾದರು.

ಪಕ್ಷ ಬಿಟ್ಟು ಹೆಸರಿನ ಹಿಂದೆ ಹೋಗುವ, ಆಗ ಬಿದ್ದ ರೂಢಿ ಇನ್ನೂ ಬಿಟ್ಟಿಲ್ಲ. ಆನಂದ ಅಸ್ನೋಟಿಕರ್ 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ಅದೇ ವರ್ಷ ಬಿಜೆಪಿಗೆ ಹೋಗಿ ಸಚಿವರಾದವರು. 2018ರಲ್ಲಿ ಜೆಡಿಎಸ್‌ ಅಭ್ಯರ್ಥಿಯಾದಾಗ ಕಾರವಾರದಲ್ಲಿ ಆ ಪಕ್ಷಕ್ಕೆ ಒಮ್ಮೆಲೇ ದೊಡ್ಡ ಶೀರ್ಷಿಕೆಗಳು ಸಿಕ್ಕವು. 2019ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಅಭ್ಯರ್ಥಿಯಾಗಿ ಅವರು ಬಿಜೆಪಿಯ ಅನಂತಕುಮಾರ ಹೆಗಡೆ ಎದುರು ಸೋತದ್ದು 4,79,649 ಮತಗಳಿಂದ. ಕುಮಟಾದ ದಿನಕರ ಶೆಟ್ಟಿ ಜೆಡಿಎಸ್‌ನಿಂದ ಬಿಜೆಪಿಗೆ ಹೋದರು, 2013ರಲ್ಲಿ ಪಕ್ಷೇತರರಾಗಿ ಗೆದ್ದ ಸತೀಶ ಸೈಲ್, ಮಂಕಾಳ ವೈದ್ಯ ಕಾಂಗ್ರೆಸ್ ಸೇರಿದರು. ಕ್ಯಾಮೆರಾ ಅವರ ಹಿಂದೆಯೇ ಹೋಯಿತು. ಬಿಟ್ಟುಹೋದ ಪಕ್ಷದ ತಾಲ್ಲೂಕು ಅಧ್ಯಕ್ಷನ ಹೆಸರು ಕೇಳಿದರೆ ಎಷ್ಟು ವರದಿಗಾರರು ತಟ್ಟನೆ ಹೇಳಿಯಾರು?

ದಿನನಿತ್ಯದ ಆಯ್ಕೆ ಇದಕ್ಕಿಂತ ಸಪ್ಪೆ. ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಪುಟ ಬಹುಪಾಲು ಹುಬ್ಬಳ್ಳಿಯಲ್ಲಿ ಸಿದ್ಧವಾಗುತ್ತದೆ. ಅಚ್ಚಾದ ಕಟ್ಟುಗಳು ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟಬೇಕಾದ್ದರಿಂದ ಆ ಪುಟ ಬೇಗ ಮುಚ್ಚುತ್ತದೆ. ರಾತ್ರಿ ವಾಟ್ಸ್ಆ್ಯಪಿನಲ್ಲಿ ಬಂದ ಪ್ರಕಟಣೆ ಮರುದಿನಕ್ಕೆ ಬೀಳುತ್ತದೆ, ಅಷ್ಟರಲ್ಲಿ ಹಳತಾಗಿರುತ್ತದೆ. ಸಣ್ಣ ಪಕ್ಷಗಳ ಪ್ರಕಟಣೆ ಹೆಚ್ಚಾಗಿ ಎಡವುವುದೂ ಇಲ್ಲೇ: ಮೂರು ಪುಟ, ಮೊದಲ ಪ್ಯಾರಾ ತುಂಬ ರಾಷ್ಟ್ರ ನಾಯಕರ ಸ್ತುತಿ, ಸ್ಥಳೀಯ ಬೇಡಿಕೆ ಕೊನೆಯಲ್ಲಿ, ಹದಿನೈದು ಜನ ಸಾಲಾಗಿ ನಿಂತ ಫೋಟೊ. ಅರಣ್ಯ ಅತಿಕ್ರಮಣ ಸಕ್ರಮಕ್ಕೆ ಇಷ್ಟು ಅರ್ಜಿ ಬಾಕಿ, ಇಂಥ ಕಚೇರಿಯಲ್ಲಿ, ಇಂಥ ದಿನ ಧರಣಿ ಎಂದು ಮೊದಲ ಎರಡು ವಾಕ್ಯದಲ್ಲೇ ಬರೆದವನಿಗೆ ಸಿಂಗಲ್ ಕಾಲಂ ಆದರೂ ಗ್ಯಾರಂಟಿ. ಶಿರಸಿ, ಕಾರವಾರದ ಸ್ಥಳೀಯ ದಿನಪತ್ರಿಕೆಗಳು ಈ ವಿಷಯದಲ್ಲಿ ಹೆಚ್ಚು ಉದಾರಿಗಳು. ಟಿವಿಯವರಿಗೆ ಮಾತ್ರ ಇಪ್ಪತ್ತು ಸೆಕೆಂಡಿನ ಖಾರದ ಬೈಟ್, ಅಂದರೆ ಮಾತಿನ ತುಣುಕು, ಬೇಕು, ಹಾಗೆ ಮಾತಾಡಬಲ್ಲವನನ್ನೇ ಮತ್ತೆ ಮತ್ತೆ ಕರೆಯುತ್ತಾರೆ.

ದುಡ್ಡಿನ ಮಾತೂ ಇದೆ. 2009ರ ಚುನಾವಣೆಯ ಕಾಸಿಗಾಗಿ ಸುದ್ದಿ ಹಗರಣದ ಬಳಿಕ ಜಿಲ್ಲೆಗೊಂದು ಮಾಧ್ಯಮ ನಿಗಾ ಸಮಿತಿ ಬಂತು. ಸುದ್ದಿಯ ವೇಷದ ಜಾಹೀರಾತು ಎಂದು ಸಾಬೀತಾದರೆ ಅದರ ದರ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಆದರೆ ಸಮಿತಿ ನೋಡುವುದು ಅಚ್ಚಾದದ್ದನ್ನು. ಅಚ್ಚಾಗದೆ ಉಳಿದವರ ಲೆಕ್ಕ ಅದರ ಕೆಲಸವಲ್ಲ.

ಗೆಲುವಿನ ಅಂಚಿಗೆ ಬಂದ ಪಕ್ಷವೂ ಕಣದಿಂದಲೇ ಮರೆಯಾಗಬಹುದು. 2023ರ ವಿಧಾನಸಭಾ ಚುನಾವಣೆಯಲ್ಲಿ ಕುಮಟಾದ ಜೆಡಿಎಸ್ ಅಭ್ಯರ್ಥಿ ಸೂರಜ್ ನಾಯ್ಕ ಸೋನಿ ಸೋತದ್ದು ಏಳುನೂರಕ್ಕೂ ಕಡಿಮೆ ಮತಗಳಿಂದ, ಕಾಂಗ್ರೆಸ್ ಮೂರನೆಯದು. ನಾಲ್ಕೇ ತಿಂಗಳಲ್ಲಿ ಜೆಡಿಎಸ್ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಲ್ಲಿ ಅದರ ಅಭ್ಯರ್ಥಿಯೇ ಇರಲಿಲ್ಲ.