ಮಗುವಿನ ಪಕ್ಕ ಕೂತು ನೋಡಿದವರು

ಮೊಬೈಲ್ ಮಕ್ಕಳನ್ನು ಹಾಳು ಮಾಡುತ್ತಿದೆ ಅಂತ ಒಂದು ಅಧ್ಯಯನ. ಹಾಗೇನೂ ಇಲ್ಲ ಅಂತ ಇನ್ನೊಂದು. ಎರಡೂ ಒಂದೇ ವಾರ ಬಂದರೂ ಮನೆಯ ವಾಟ್ಸಾಪ್ ಗುಂಪಿಗೆ ತಲುಪುವುದು ಮೊದಲನೆಯದು ಮಾತ್ರ. ಆಸ್ಟ್ರೇಲಿಯಾ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ಬಂದ್ ಮಾಡಿದೆ. 2025ರ ಡಿಸೆಂಬರ್ 10ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲೂ ಹಾಗೇ ಆಗಬೇಕು ಅನ್ನುವವರಿದ್ದಾರೆ, ಬೇಡ ಅನ್ನುವವರೂ ಇದ್ದಾರೆ. ಇಬ್ಬರ ಜೇಬಿನಲ್ಲೂ 'ಸಂಶೋಧನೆ ಹೇಳಿದೆ' ಅನ್ನುವ ಚೀಟಿ ಇದೆ.

ಮಕ್ಕಳು ಮತ್ತು ಮಾಧ್ಯಮ ಅನ್ನುವುದು ಈಗ ವಿಶ್ವವಿದ್ಯಾಲಯಗಳಲ್ಲಿ ಪೂರ್ತಿ ಹೊತ್ತಿನ ಕಸುಬು. ಅದೊಂದನ್ನೇ ಹಿಡಿದು ಮೂವತ್ತು ವರ್ಷ ದುಡಿದ ಪ್ರಾಧ್ಯಾಪಕರಿದ್ದಾರೆ. ಅಷ್ಟು ವರ್ಷ ನೋಡಿದ ಮೇಲೂ ಅವರೆಲ್ಲ ಯಾಕೆ ಒಂದು ಮಾತಿಗೆ ಬರುವುದಿಲ್ಲ? ಅದಕ್ಕೆ ಈ ಕಸುಬು ಹುಟ್ಟಿದ ಬಗೆಯನ್ನೇ ನೋಡಬೇಕು.

ಶುರುವಾಗಿದ್ದು ಸಿನಿಮಾದಿಂದ. 1929ರಲ್ಲಿ ಅಮೆರಿಕದ ಪೇನ್ ಫಂಡ್ ಅನ್ನುವ ಸಂಸ್ಥೆ ಹಣ ಕೊಟ್ಟು ಹಲವು ವಿದ್ವಾಂಸರನ್ನು ಮಕ್ಕಳ ಹಿಂದೆ ಬಿಟ್ಟಿತು. ಒಹಾಯೊದಲ್ಲಿ ಒಂದು ತಂಡ ಮಕ್ಕಳ ಮಂಚಕ್ಕೆ ಯಂತ್ರ ಜೋಡಿಸಿತು. ಸಿನಿಮಾ ನೋಡಿ ಬಂದ ರಾತ್ರಿ ಮಗು ನಿದ್ದೆಯಲ್ಲಿ ಎಷ್ಟು ಹೊರಳುತ್ತದೆ ಅಂತ ಅಳೆಯಲಿಕ್ಕೆ. 1933ರಿಂದ ವರದಿಗಳು ಹೊರಬಂದವು. ವರದಿಗಳ ಒಳಗೆ 'ಮಗುವಿನ ವಯಸ್ಸು, ಮನೆ, ನೆರೆಹೊರೆ ನೋಡಿ ಹೇಳಬೇಕು' ಅನ್ನುವ ಧಾಟಿ ಇತ್ತು. ಅವನ್ನು ಜನರಿಗೆ ಸರಳ ಮಾಡಿ ಹೇಳಲು ಬಂದ ಪುಸ್ತಕದಲ್ಲಿ ಭಯವೇ ಜಾಸ್ತಿ ಇತ್ತು. ಜನರ ನೆನಪಿನಲ್ಲಿ ಉಳಿದದ್ದು ಆ ಭಯ.

ಆಮೇಲೆ ರೇಡಿಯೋ ಬಂತು, ಕಾಮಿಕ್ಸ್ ಬಂತು, ಪ್ರತಿ ಸಲವೂ ಅದೇ ಗಾಬರಿ. ಟೀವಿ ಬಂದಾಗ ಮಾತ್ರ ಕೆಲಸ ಸ್ವಲ್ಪ ನಿಧಾನವಾಗಿ, ಗಟ್ಟಿಯಾಗಿ ನಡೆಯಿತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಹಿಲ್ಡೆ ಹಿಮ್ಮಲ್‌ವೈಟ್ ಮತ್ತು ಜೊತೆಗಾರರು 1958ರಲ್ಲಿ ಬ್ರಿಟನ್ನಿನ ಮಕ್ಕಳ ಬಗ್ಗೆ ದೊಡ್ಡ ವರದಿ ಕೊಟ್ಟರು. ನಾರ್ವಿಚ್ ಊರಿಗೆ ಟೀವಿ ಬರುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹೋಗಿ ಅದೇ ಮಕ್ಕಳನ್ನು ನೋಡಿದರು. ಅಂಥ ಅವಕಾಶ ಸಂಶೋಧಕರಿಗೆ ಮತ್ತೆ ಸುಲಭವಾಗಿ ಸಿಗಲಿಲ್ಲ. ಇವತ್ತು ಮೊಬೈಲ್ ಬರುವ ಮೊದಲಿನ ಊರು ಎಲ್ಲಿದೆ?

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದರಿಂದಲೇ ಎರಡು ಕೆಲಸ ಹೊರಬಂದವು. ವಿಲ್ಬರ್ ಶ್ರಾಮ್ ಮತ್ತು ಜೊತೆಗಾರರು ಸಾವಿರಾರು ಮಕ್ಕಳನ್ನು ವಿಚಾರಿಸಿ ಹೇಳಿದ್ದು ಇಷ್ಟು: ಕೆಲವು ಮಕ್ಕಳಿಗೆ, ಕೆಲವು ಸಂದರ್ಭದಲ್ಲಿ, ಕೆಲವು ಕಾರ್ಯಕ್ರಮ ಕೆಡುಕು ಮಾಡಬಹುದು. ಬೇರೆ ಮಕ್ಕಳಿಗೆ ಅದೇ ಒಳ್ಳೆಯದೂ ಮಾಡಬಹುದು. ಹೆಚ್ಚಿನವರಿಗೆ ಏನೂ ಆಗಲಿಕ್ಕಿಲ್ಲ. ಆಲ್ಬರ್ಟ್ ಬಂಡೂರ ಅವರು 72 ಪುಟ್ಟ ಮಕ್ಕಳನ್ನು ಕೋಣೆಗೆ ಕರೆತಂದು, ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಬಾರಿಸುವುದನ್ನು ಕೆಲವರಿಗೆ ತೋರಿಸಿದರು. ಅದನ್ನು ನೋಡಿದ ಮಕ್ಕಳು ತಾವೂ ಬಾರಿಸಿದರು. ಎರಡು ವರ್ಷದ ನಂತರ ಸಿನಿಮಾ ತೋರಿಸಿ ಅದನ್ನೇ ಮತ್ತೆ ಮಾಡಿದರು. ಹೊಡೆದರೆ ಮತ್ತೆ ಎದ್ದು ನಿಲ್ಲುವ ಗೊಂಬೆ ಇರುವುದೇ ಹೊಡೆಯಲಿಕ್ಕೆ ಅಲ್ವಾ, ಅಂತ ಆಮೇಲೆ ಹಲವರು ತಕರಾರು ತೆಗೆದರು. ಆದರೆ ಪಠ್ಯಪುಸ್ತಕದಲ್ಲಿ ಇವತ್ತಿಗೂ ಇರುವುದು ಗೊಂಬೆಯೇ. 'ಕೆಲವು ಮಕ್ಕಳಿಗೆ, ಕೆಲವು ಸಂದರ್ಭದಲ್ಲಿ' ಅನ್ನುವ ಮಾತಿಗೆ ಫೋಟೋ ಇಲ್ಲವಲ್ಲ.

ಮುಂದೆ ಅಮೆರಿಕ ಸರಕಾರವೇ ಟೀವಿ ಹಿಂಸೆಯ ಬಗ್ಗೆ ಸಮಿತಿ ಮಾಡಿತು. ಯಾರು ಸದಸ್ಯರಾಗಬಾರದು ಅಂತ ಹೇಳುವ ಅವಕಾಶ ಟೀವಿ ಉದ್ಯಮಕ್ಕೂ ಇತ್ತು. ಬಂಡೂರ ಸೇರಿ ಏಳು ಮಂದಿ ಹೊರಗುಳಿದರು. 1972ರಲ್ಲಿ ಬಂದ ವರದಿಯನ್ನು ಎಲ್ಲರೂ ತಮಗೆ ಬೇಕಾದ ಹಾಗೆ ಓದಿಕೊಂಡರು.

ಇನ್ನು ನಮ್ಮ ಕಡೆ. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಉಪಗ್ರಹದಿಂದ ಹಳ್ಳಿಗೆ ಟೀವಿ ಪಾಠ ಕಳಿಸುವ ಒಂದು ಪ್ರಯೋಗ ನಡೆಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ 'ಸೈಟ್' ಅಂತ ಕರೆದರು. ಸೈಟ್ ಅಂದರೆ ನಮಗೆ ಮನೆ ಕಟ್ಟುವ ಜಾಗ. ಇದು ಆ ಸೈಟ್ ಅಲ್ಲ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಭಾರತಕ್ಕೆ ಎರವಲು ಕೊಟ್ಟಿತು. 1975ರ ಆಗಸ್ಟ್ 1ರಂದು ಶುರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರ ನವೆಂಬರ್‌ನಲ್ಲಿ. ಅಂದರೆ ರಾಯಚೂರು ಸೀಮೆಯ ಹಳ್ಳಿ ಮಕ್ಕಳು ರಾಜಧಾನಿಯ ಮಕ್ಕಳಿಗಿಂತ ಆರು ವರ್ಷ ಮೊದಲೇ ಕನ್ನಡದ ಟೀವಿ ನೋಡಿದ್ದರು. ಇದನ್ನು ಬೆಂಗಳೂರಿನವರಿಗೆ ಹೇಳಿದರೆ ಸುಮ್ನೆ ನಗುತ್ತಾರೆ.

ಹತ್ತು ಅಡಿ ಅಗಲದ ಆಂಟೆನಾ, ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯದ್ದು. ಊರಿಗೆಲ್ಲ ಒಂದೇ ಟೀವಿ. ಕರೆಂಟ್ ಇಲ್ಲದ ಕೆಲವು ಕಡೆ ಬ್ಯಾಟರಿ. ಬೆಳಗ್ಗೆ ಶಾಲೆ ಮಕ್ಕಳ ಕಾರ್ಯಕ್ರಮ. ಹಿಂದಿ, ಒರಿಯಾ, ತೆಲುಗು, ಕನ್ನಡ, ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. 5ರಿಂದ 12 ವರ್ಷದ ಮಕ್ಕಳು ಅದರ ಪ್ರೇಕ್ಷಕರು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೊ ಬಾಂಬೆಯಲ್ಲಿ ಮಾಡುತ್ತಿತ್ತು. ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಅದು ತುರ್ತು ಪರಿಸ್ಥಿತಿಯ ಕಾಲ. ಸಂಜೆಯ ಟೀವಿ ಏನು ಹೇಳುತ್ತಿತ್ತು, ಏನು ಹೇಳುತ್ತಿರಲಿಲ್ಲ ಅನ್ನುವುದನ್ನು ಊಹಿಸಿಕೊಳ್ಳಬಹುದು.

ಸಂಶೋಧನೆಯ ಕಡೆಯಿಂದ ನೋಡಿದರೆ ಇನ್ನೂ ಸ್ವಾರಸ್ಯ. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರ ಓದಿದವರು ಹೋಗಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡು ಇದ್ದರು. ಟೀವಿ ಬರುವ ಮೊದಲೇ ಹೋಗಿದ್ದರು, ಟೀವಿ ಹೋಗುವ ತನಕ ಇದ್ದರು. ಯಾರು ಮುಂದೆ ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾವ ಕೇರಿಯಿಂದ ಹೆಂಗಸರು ಬರುವುದೇ ಇಲ್ಲ, ಎಲ್ಲ ಬರೆದುಕೊಂಡರು. ಮಕ್ಕಳ ಅಧ್ಯಯನ ಎನ್‌ಸಿಇಆರ್‌ಟಿಯದ್ದು. ಅವರು ಕೇಳಿದ ಪ್ರಶ್ನೆ ಗಮನಿಸಬೇಕು. ಟೀವಿ ಮಗುವಿನಿಂದ ಏನು ಕಿತ್ತುಕೊಂಡಿತು ಅಂತ ಕೇಳಲಿಲ್ಲ, ಏನು ಕೊಟ್ಟಿತು ಅಂತ ಕೇಳಿದರು. ಮಾತು, ಭಾಷೆ ಚುರುಕಾಗಿತ್ತು. ಹೊಸದು ತಿಳಿದುಕೊಳ್ಳುವ ಆಸೆ ಕಂಡಿತು. ಆದರೆ ಟೀವಿ ಬಂದರೆ ಮಕ್ಕಳು ಶಾಲೆ ಬಿಡುವುದು ನಿಲ್ಲುತ್ತದೆ ಅಂತ ಕಾದವರಿಗೆ ನಿರಾಸೆಯಾಯಿತು. ಮಗು ದನ ಕಾಯಲು ಹೋಗುವುದಕ್ಕೂ ಟೀವಿಗೂ ಏನು ಸಂಬಂಧ?

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ನಾಸಾ ಉಪಗ್ರಹವನ್ನು ಬೇರೆ ಕಡೆ ಸರಿಸಿಕೊಂಡಿತು. ಮರುವರ್ಷ ಗುಲ್ಬರ್ಗಾದಲ್ಲಿ ಒಂದು ಟೀವಿ ಕೇಂದ್ರ ಬಂತು. ಬೆಳಗ್ಗೆ ಆ ಇಪ್ಪತ್ತೆರಡೂವರೆ ನಿಮಿಷ ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು.

ಆಮೇಲಿನದು ಬೇಗ ಹೇಳಬಹುದು. ಬಣ್ಣದ ಟೀವಿ ಬಂತು, ಜಾಹೀರಾತು ಬಂತು, ಕೇಬಲ್ ಬಂತು. ಹಳ್ಳಿಗೆ ಮನೆ ಮಾಡಿಕೊಂಡು ಹೋಗುವ ಸಂಶೋಧಕ ಅಪರೂಪವಾದ. 1997ರಲ್ಲಿ ಶಕ್ತಿಮಾನ್ ಶುರುವಾದಾಗ, ಅವನು ಬಂದು ಕಾಪಾಡುತ್ತಾನೆ ಅಂತ ಮಕ್ಕಳು ಅಪಾಯ ತಂದುಕೊಂಡ ಸುದ್ದಿಗಳು ಬಂದವು. ಧಾರಾವಾಹಿಯ ಕೊನೆಯಲ್ಲಿ ಬುದ್ಧಿಮಾತು ಬರತೊಡಗಿತು. ಪ್ರಶ್ನೆ ಅಷ್ಟು ಹೊತ್ತಿಗೆ 'ಕೊಟ್ಟಿದ್ದೇನು' ಅನ್ನುವುದರಿಂದ 'ಕಿತ್ತುಕೊಂಡಿದ್ದೇನು' ಅನ್ನುವ ಕಡೆಗೆ ಹೊರಳಿಯಾಗಿತ್ತು.

ಹಿಮ್ಮಲ್‌ವೈಟ್ ಇದ್ದ ಸಂಸ್ಥೆಯಲ್ಲೇ ಸೋನಿಯಾ ಲಿವಿಂಗ್‌ಸ್ಟನ್ 1999ರಲ್ಲಿ, ಸುಮಾರು ನಲವತ್ತು ವರ್ಷದ ನಂತರ, ಬ್ರಿಟನ್ನಿನ ಮಕ್ಕಳು ಮತ್ತು ಹೊಸ ಮಾಧ್ಯಮದ ಬಗ್ಗೆ ವರದಿ ಮಾಡಿದರು. 2006ರಿಂದ ಯುರೋಪಿನ ಹಲವು ದೇಶಗಳ ಮಕ್ಕಳನ್ನು ಇಂಟರ್ನೆಟ್ ಬಗ್ಗೆ ಕೇಳಿದ ತಂಡಕ್ಕೂ ಅವರದೇ ಮುಂದಾಳತ್ವ. ಅಲ್ಲಿ ತಿಳಿದುಬಂದ ಒಂದು ಸಂಗತಿ ನಮ್ಮ ಚರ್ಚೆಗಳಲ್ಲಿ ಕಾಣುವುದೇ ಇಲ್ಲ: ಅಪಾಯ ಎದುರಾಗುವುದು ಬೇರೆ, ಹಾನಿಯಾಗುವುದು ಬೇರೆ. ಹೆಚ್ಚು ಬಳಸುವ ಮಗುವಿಗೆ ಅಪಾಯವೂ ಜಾಸ್ತಿ ಎದುರಾಗುತ್ತದೆ, ಅನುಕೂಲವೂ ಜಾಸ್ತಿ ಸಿಗುತ್ತದೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇನ್ನೊಬ್ಬ ಪ್ರಾಧ್ಯಾಪಕಿ ಶಕುಂತಲಾ ಬಾನಾಜಿ ಭಾರತದ ಮಕ್ಕಳ ನಡುವೆ ಕೆಲಸ ಮಾಡಿ 2017ರಲ್ಲಿ ಪುಸ್ತಕ ತಂದರು. ಕೈಯಲ್ಲಿರುವ ಸಾಧನಕ್ಕಿಂತ ಮನೆಯ ವರ್ಗ, ದುಡಿಮೆ, ಬಡತನ ದೊಡ್ಡ ಸಂಗತಿ ಅನ್ನುವ ಕಡೆಗೆ ಅವರ ಕೆಲಸ ಕೈ ತೋರಿಸುತ್ತದೆ.

ಇನ್ನು ಅಂಕಿಗಳ ಜಗಳ. 2017ರ ಸುಮಾರಿಗೆ ಅಮೆರಿಕದಲ್ಲಿ, ಹದಿಹರೆಯದವರ ಖಿನ್ನತೆ ಏರಿದ್ದಕ್ಕೂ ಸ್ಮಾರ್ಟ್‌ಫೋನ್ ಹರಡಿದ್ದಕ್ಕೂ ನಂಟಿದೆ ಅನ್ನುವ ವಾದ ಜೋರಾಯಿತು. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಆರ್ಬೆನ್ ಮತ್ತು ಆ್ಯಂಡ್ರೂ ಶಿಬಿಲ್‌ಸ್ಕಿ 3,55,358 ಹದಿಹರೆಯದವರ ಮಾಹಿತಿ ಜಾಲಾಡಿ, ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ತಂತ್ರಜ್ಞಾನದ ಬಳಕೆಗೆ ಸಂಬಂಧಿಸಿದ ಪಾಲು ಹೆಚ್ಚೆಂದರೆ ಶೇ 0.4 ಅಂದರು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಡಿಮೆ ಅಷ್ಟೇ. ಆಲೂಗಡ್ಡೆ ತಲೆಬರಹ ಆಯಿತು, ಉಳಿದ ವಿವರ ಹೋಯಿತು. ಮರುವರ್ಷ ಆಮ್‌ಸ್ಟರ್‌ಡಾಮ್‌ನ ತಂಡವೊಂದು 63 ಹುಡುಗ ಹುಡುಗಿಯರನ್ನು ದಿನಕ್ಕೆ ಹಲವು ಸಲ ಫೋನಿನಲ್ಲೇ ಕೇಳುತ್ತಾ ಹೋಯಿತು. ಬೇರೆಯವರ ಪೋಸ್ಟ್‌ಗಳನ್ನು ಸುಮ್ಮನೆ ನೋಡುತ್ತಾ ಕೂತಾಗ ಶೇ 46 ಮಂದಿಗೆ ಮನಸ್ಸು ಹಗುರವಾಗುತ್ತಿತ್ತು, ಶೇ 10 ಮಂದಿಗೆ ಕುಗ್ಗುತ್ತಿತ್ತು, ಉಳಿದವರಿಗೆ ಏನೂ ಇಲ್ಲ. ಶ್ರಾಮ್ 1961ರಲ್ಲಿ ಹೇಳಿದ್ದೇ ಮತ್ತೆ ಬಂತು ಅನ್ನಿ.

ಎರಡು ಅಧ್ಯಯನಗಳು ಜಗಳ ಆಡುವಂತೆ ಕಾಣುವುದು ಇಲ್ಲೇ. ಲಕ್ಷಾಂತರ ಮಕ್ಕಳ ಸರಾಸರಿ ತೆಗೆದಾಗ ನೂರರಲ್ಲಿ ಆ ಹತ್ತು ಮಂದಿ ಮುಳುಗಿ ಹೋಗುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಕೂತ ವೈದ್ಯರಿಗೆ ಕಾಣುವುದು ಆ ಹತ್ತು ಮಂದಿಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗಾಗಿಯೇ 2014ರಿಂದ ಒಂದು ಕ್ಲಿನಿಕ್ ಇದೆ. ಅಲ್ಲಿಗೆ ಬರುವ ಹುಡುಗನ ಅಪ್ಪ ಅಮ್ಮನಿಗೆ ಶೇ 0.4ರ ಕಥೆ ಹೇಳಿ ಏನು ಪ್ರಯೋಜನ?

ಇನ್ನೊಂದು ತೊಡಕಿದೆ, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಸೈಟ್ ಕಾಲದಲ್ಲಿ ಮಕ್ಕಳು ನೋಡಿದ್ದನ್ನೇ ಸಂಶೋಧಕರೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಈಗ ಪ್ರತಿ ಮಗುವಿನ ಪರದೆಯೂ ಬೇರೆ. ಅದರಲ್ಲಿ ಏನು ಬಂತು, ಯಾಕೆ ಬಂತು ಅನ್ನುವ ಪೂರ್ತಿ ಲೆಕ್ಕ ಇರುವುದು ಕಂಪನಿಗಳ ಹತ್ತಿರ. ಹೊರಗಿನವರು 'ದಿನಕ್ಕೆ ಎಷ್ಟು ಗಂಟೆ ನೋಡ್ತೀಯಪ್ಪಾ' ಅಂತ ಕೇಳಿ ಬರೆದುಕೊಳ್ಳಬೇಕು. ದೊಡ್ಡ ಕಂಪನಿಯೊಂದು ಹದಿಹರೆಯದವರ ಬಗ್ಗೆ ತಾನೇ ಮಾಡಿಸಿಕೊಂಡಿದ್ದ ಅಧ್ಯಯನಗಳು 2021ರಲ್ಲಿ ಹೊರಬಿದ್ದವು. ವಿದ್ವಾಂಸರೂ ಅವನ್ನು ಪತ್ರಿಕೆಯಲ್ಲೇ ಓದಬೇಕಾಯಿತು.

ನಮ್ಮ ರಾಜ್ಯದಲ್ಲಿ ಈ ಗೊಂದಲ ಬಯಲಿಗೆ ಬಂದಿದ್ದು ಕೊರೋನಾದಲ್ಲಿ. 2020ರ ಜೂನ್‌ನಲ್ಲಿ ಸರಕಾರ ಸಣ್ಣ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡ ಅಂದಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಚಂದನ ವಾಹಿನಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಶುರುವಾಯಿತು. ಪರದೆಯಿಂದ ಮಕ್ಕಳನ್ನು ಕಾಪಾಡುವುದೂ, ಪರದೆಯ ಮುಂದೆ ಕೂರಿಸುವುದೂ ಒಟ್ಟೊಟ್ಟಿಗೇ. 2023ರ ಸೆಪ್ಟೆಂಬರ್‌ನಲ್ಲಿ ಅದೇ ಹೈಕೋರ್ಟ್‌ನ ಪೀಠವೊಂದು, ಸಾಮಾಜಿಕ ಜಾಲತಾಣಕ್ಕೆ ವಯಸ್ಸಿನ ಮಿತಿ ಇದ್ದರೆ ಒಳ್ಳೆಯದು ಅಂತ ಬಾಯಿಮಾತಿನಲ್ಲಿ ಹೇಳಿತು. ಅದೇ ವರ್ಷ ಬಂದ ಕೇಂದ್ರದ ದತ್ತಾಂಶ ಕಾನೂನು, 18 ತುಂಬದವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಫೋನ್ ಅಪ್ಪನದ್ದು, ನಂಬರ್ ಅಪ್ಪನದ್ದು, ಒಟಿಪಿ ಹಾಕುವುದು ಮಗ. ಒಪ್ಪಿಗೆ ಯಾರದ್ದು?

ಸಮೀಕ್ಷೆಗಳಲ್ಲಿ ನನಗೆ ಹಿಡಿಸಿದ್ದು ಹಳ್ಳಿ ಮಕ್ಕಳ ಕಲಿಕೆ ಅಳೆಯುವ 'ಅಸರ್' ಸಮೀಕ್ಷೆಯವರ ರೀತಿ. ಹಳ್ಳಿ ಮನೆಗಳಿಗೇ ಹೋಗುತ್ತಾರೆ. 2024ರಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಅಂದರು. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಶೇ 76. ಅಷ್ಟಕ್ಕೇ ಬಿಡುವುದಿಲ್ಲ. ಮನೆಯಲ್ಲಿ ಫೋನ್ ಇದ್ದರೆ ತಗೊಂಡು ಬಾ ಅನ್ನುತ್ತಾರೆ. ಅಲಾರಂ ಇಡು, ಈ ವಿಡಿಯೋ ಹುಡುಕು, ಸ್ನೇಹಿತನಿಗೆ ಕಳಿಸು ಅಂತ ಹೇಳಿ, ಮಗು ಬೆರಳಾಡಿಸುವುದನ್ನು ಪಕ್ಕದಲ್ಲಿ ಕೂತು ನೋಡುತ್ತಾರೆ.