ಕಾಡಿಗೆ ಹೋಗದವರಿಗೂ ಮಂಗನ ಕಾಯಿಲೆ

ಫೆಬ್ರವರಿಯ ಒಂದು ಮಧ್ಯಾಹ್ನ ನಮ್ಮ ಆಸ್ಪತ್ರೆಗೆ ಬಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಾಲ್ಕು ದಿನದ ಜ್ವರ, ಹಣೆ ಒಡೆಯುವಂಥ ತಲೆನೋವು, ಮೀನಖಂಡದಲ್ಲಿ ತಡೆಯಲಾರದ ಸೆಳೆತ ಎಂದು ಹೇಳಿಕೊಂಡರು. ಕಣ್ಣು ಕೆಂಪಾಗಿದ್ದವು. ಅಷ್ಟು ಜ್ವರವಿದ್ದರೂ ನಾಡಿ ನಿಧಾನವಾಗಿತ್ತು, ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿದಿದ್ದವು. ಪೇಟೆಯಲ್ಲಾಗಿದ್ದರೆ ಡೆಂಗಿ ಎಂದೇ ಚಿಕಿತ್ಸೆ ಶುರುವಾಗುತ್ತಿತ್ತು. ಮಲೆನಾಡಿನ ವೈದ್ಯರು ಬೇಸಿಗೆಯ ಬಾಗಿಲಲ್ಲಿ ಮೊದಲು ಕೇಳುವುದು ‘ಕಾಡಿಗೆ ಹೋಗಿದ್ದಿರಾ’ ಎಂದು. ನಾನೂ ಕೇಳಿದೆ. ಮಂಡಿನೋವಿನಿಂದಾಗಿ ಆಕೆ ಎರಡು ವರ್ಷಗಳಿಂದ ಹಿತ್ತಲು ದಾಟಿರಲಿಲ್ಲ. ಆದರೂ ರಕ್ತಪರೀಕ್ಷೆಯ ವರದಿಯಲ್ಲಿ ಬಂದದ್ದು ಮಂಗನ ಕಾಯಿಲೆಯೇ.

ಈ ಕಾಯಿಲೆ ಮೊದಲು ಗುರುತಿಗೆ ಸಿಕ್ಕಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದವು, ಊರಿನವರು ಜ್ವರದಿಂದ ಮಲಗುತ್ತಿದ್ದರು. ದಕ್ಷಿಣ ಅಮೆರಿಕದಲ್ಲಿ ಸೊಳ್ಳೆ ಹರಡುವ ಹಳದಿ ಜ್ವರಕ್ಕೆ ಮುನ್ನ ಮಂಗಗಳು ಸಾಯುವುದನ್ನು ಕಂಡಿದ್ದ ತಜ್ಞರಿಗೆ, ಏಷ್ಯಾದಲ್ಲಿ ಎಂದೂ ಕಾಣಿಸಿಕೊಳ್ಳದ ಆ ರೋಗವೇ ಇಲ್ಲಿಗೂ ಬಂತೇ ಎಂಬ ಭಯ ಹುಟ್ಟಿತು. ಟೆಲ್ಫರ್ಡ್ ವರ್ಕ್ ಮುಂದಾಳತ್ವದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಪ್ರತ್ಯೇಕಿಸಿದ ವೈರಸ್ ಮಾತ್ರ ಸೊಳ್ಳೆಯದಲ್ಲ, ಪ್ರಾಣಿಗಳ ಮೈಗಂಟಿ ರಕ್ತ ಹೀರುವ ಉಣ್ಣೆಯದು (ಉಣುಗಿನದು); ಅದರ ಹತ್ತಿರದ ಬಂಧು ಇದ್ದದ್ದು ದೂರದ ರಷ್ಯಾದಲ್ಲಿ, ಅಲ್ಲಿನ ಉಣ್ಣೆಗಳು ಹರಡುವ ಮೆದುಳು ಜ್ವರದ ರೂಪದಲ್ಲಿ. ಹೆಸರಿನಿಂದ ಆಗಿರುವ ಗೊಂದಲವನ್ನೂ ಇಲ್ಲಿಯೇ ಹೇಳಬೇಕು. ಕೆಲವರು ಇದನ್ನು ಕೆನ್ನೆ ಊದುವ ಮಂಗನ ಬಾವಿನೊಂದಿಗೆ ಕಲಸಿಕೊಳ್ಳುತ್ತಾರೆ, ಇನ್ನು ಕೆಲವರು ಮಂಗವನ್ನೇ ಅಪರಾಧಿ ಮಾಡುತ್ತಾರೆ. ಮುಸುವವೂ ಕೋತಿಯೂ ನಮಗಿಂತ ಬೇಗ ಸಾಯುವ ರೋಗಿಗಳು. ಅವು ಸತ್ತು ಬಿದ್ದಲ್ಲಿ ಮೈಮೇಲಿನ ಉಣ್ಣೆಗಳು ಇಳಿದು ಸುತ್ತ ಹರಡುವುದರಿಂದ ಆ ಜಾಗ ಅಪಾಯದ್ದಾಗುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡುವುದಿಲ್ಲ.

ನಮ್ಮನ್ನು ಕಚ್ಚುವುದು ಹೆಚ್ಚಾಗಿ ದೊಡ್ಡ ಉಣ್ಣೆಯಲ್ಲ, ಅದರ ಎಳೆಯ ಹಂತ. ಗಸಗಸೆ ಕಾಳಿನಷ್ಟಿರುವ ಈ ಮರಿ ಸೊಂಟದ ಪಟ್ಟಿಯಡಿಯಲ್ಲೋ ಮೊಣಕಾಲಿನ ಹಿಂದಿನ ಮಡಿಕೆಯಲ್ಲೋ ಕೂತಿದ್ದರೆ ನೋವೂ ಇಲ್ಲ, ತುರಿಕೆಯೂ ಇಲ್ಲದೆ ಇರಬಹುದು. ಎಷ್ಟೋ ರೋಗಿಗಳು ‘ನಂಗೆ ಯಾವ ಉಣುಗೂ ಕಚ್ಚಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಮಳೆ ಮುಗಿದ ಮೇಲೆ, ನವೆಂಬರಿನಿಂದ ಮೇ ತನಕ, ಈ ಮರಿಗಳ ಕಾಲ. ಅಡಿಕೆ ಕೊಯ್ಲು, ಸೌದೆ, ದರಕು ಎನ್ನುವ ಒಣ ಎಲೆ ಎಲ್ಲಕ್ಕೂ ಅದೇ ಕಾಲ. ಬೆಳೆದ ಉಣ್ಣೆಗೆ ಬೇಕಾದದ್ದು ದನದ ರಕ್ತ. ದನದಲ್ಲಿ ವೈರಸ್ ಬೆಳೆಯುವುದಿಲ್ಲವೆಂದೇ ಹೇಳಬಹುದು, ಆದರೆ ಉಣ್ಣೆಯ ಸಂತತಿ ದನದಿಂದ ಬೆಳೆಯುತ್ತದೆ. ಕಾಡು ಕಡಿದು, ಗದ್ದೆ ಹಬ್ಬಿ, ಕಾಡಂಚಿನ ಪೊದೆಗಳಲ್ಲಿ ದನ ಮೇಯುವುದು ಹೆಚ್ಚಿದ್ದರಿಂದಲೇ ಕಾಡಿನೊಳಗೆ ಸದ್ದಿಲ್ಲದೆ ಸುತ್ತುತ್ತಿದ್ದ ಸೋಂಕು ಮನುಷ್ಯರನ್ನು ಮುಟ್ಟಿತು ಎಂಬ ವಾದವನ್ನು ಕೊಲಂಬಿಯಾ ಮೂಲದ ವೈದ್ಯ ಹೋರ್ಹೆ ಬೋಶೆಲ್ 1969ರಲ್ಲೇ ಮಂಡಿಸಿದ್ದರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರೂ ಬ್ರಿಟನ್ನಿನ ಪರಿಸರ ವಿಜ್ಞಾನಿಗಳೂ ಇತರರೂ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿತು: ನಿತ್ಯಹರಿದ್ವರ್ಣ ಕಾಡೂ ತೋಟವೂ ಹೆಣೆದುಕೊಂಡಿರುವ, ನಾಡ ದನ ಹೆಚ್ಚಿರುವ ಸೀಮೆಯಲ್ಲಿ ರೋಗದ ಸಂಭವ ಹೆಚ್ಚು.

ನನ್ನ ರೋಗಿಗೆ ಸೋಂಕು ತಗುಲಿದ ಬಗೆ ತಿಳಿದದ್ದು ಅವರ ಮನೆಗೆ ಹೋದ ಮೇಲೆ. ಕೊಟ್ಟಿಗೆಯ ಗೋಡೆಗೆ ಒತ್ತಿ, ಅಡುಗೆಮನೆಯ ಹಿಂಬಾಗಿಲಿನಿಂದ ನಾಲ್ಕು ಹೆಜ್ಜೆಗೆ, ಸೊಪ್ಪಿನ ಬೆಟ್ಟದಿಂದ, ಎಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ತಂದ ದರಕಿನ ರಾಶಿ ಆಳೆತ್ತರಕ್ಕೆ ನಿಂತಿತ್ತು. ಆಕೆ ದಿನಾ ಬೆಳಿಗ್ಗೆ ಅದರಿಂದ ಎರಡು ತೆಕ್ಕೆ ಎಳೆದು ದನದ ಕಾಲಡಿಗೆ ಹಾಸುತ್ತಿದ್ದರು. ಶಿವಮೊಗ್ಗ ಜಿಲ್ಲೆಯಲ್ಲಿ 2011–12ರ ಹಾವಳಿಯ ವೇಳೆ ಸೋಂಕಿತರನ್ನೂ ಆರೋಗ್ಯವಂತರನ್ನೂ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಕಾಡಿಗೆ ಹೋಗುವುದರ ಜೊತೆಗೆ, ಮನೆಯ ಪಕ್ಕದಲ್ಲಿ ಒಣ ಎಲೆಯ ರಾಶಿ ಹಾಕಿಕೊಳ್ಳುವುದೂ ಅಪಾಯದ ಕಾರಣವೆಂದು ಕಂಡುಬಂದಿತ್ತು. ಪ್ರಯೋಗಾಲಯದ ಸೂಕ್ಷ್ಮದರ್ಶಕದಡಿ ಕಾಣುವ ಸಂಗತಿಯಲ್ಲ ಇದು. ಮನೆಮನೆಗೆ ಹೋಗಿ, ಯಾರು ಏನು ಹೊರುತ್ತಾರೆ, ಎಲ್ಲಿ ಇಳಿಸುತ್ತಾರೆ ಎಂದು ಕೇಳಿದವರಿಗೆ ಸಿಕ್ಕಿದ್ದು. ವೈರಸ್ಸನ್ನು ಪತ್ತೆ ಮಾಡಿದ್ದಕ್ಕಿಂತ ಇದು ಸಣ್ಣ ಶೋಧವೆಂದು ನನಗನ್ನಿಸುವುದಿಲ್ಲ.

ಇದಕ್ಕೆಂದೇ ನಿರ್ದಿಷ್ಟ ಔಷಧವಿಲ್ಲ. ನೀರಿನಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಆಸ್ಪಿರಿನ್ ಬಗೆಯ ನೋವಿನ ಮಾತ್ರೆ ಕೊಡದಿರುವುದು, ಜ್ವರ ಇಳಿದು ಒಂದೆರಡು ವಾರಕ್ಕೆ ಕೆಲವರಲ್ಲಿ ಮರುಕಳಿಸುವ ಎರಡನೇ ಸುತ್ತಿಗೆ ಎಚ್ಚರವಿರುವುದು, ಇಷ್ಟೇ ನಮ್ಮ ಕೈಲಿರುವುದು. ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಟ್ಟ ಲಸಿಕೆಯ ರಕ್ಷಣೆ ಅರೆಬರೆಯಾಗಿತ್ತು, 2022ರಲ್ಲಿ ಅದೂ ನಿಂತಿತು. ಡೆಪಾ ತೈಲ ಹಚ್ಚಿಕೊಂಡರೆ ಉಣ್ಣೆ ದೂರವಿರುತ್ತದೆ, ಕೆಲವು ಗಂಟೆಗಳ ಮಟ್ಟಿಗೆ. ಅಂಗಳದಲ್ಲಿ ಕಸ ಗುಡಿಸುವಾಗಲೂ ಅದನ್ನು ಹಚ್ಚಿಕೊಳ್ಳಬೇಕೆಂದು ನಾವು ಎಂದೂ ಹೇಳಿರಲಿಲ್ಲ.

ಹೆಂಗಸು ಚೇತರಿಸಿಕೊಂಡರು, ಮೂರು ವಾರದ ಸುಸ್ತಿನ ನಂತರ. ರಾಶಿಯನ್ನು ಮನೆಯಿಂದ ದೂರ ಹಾಕಿ ಎಂದು ನಾನು ಮಗನಿಗೆ ಹೇಳಿದಾಗ ಆತ ರಾಶಿಯನ್ನೂ ಕೊಟ್ಟಿಗೆಯನ್ನೂ ಒಮ್ಮೆ ನೋಡಿ, ‘ಹಾಕಬಹುದು ಡಾಕ್ಟ್ರೇ, ಆದ್ರೆ ದಿನಾ ಅಲ್ಲಿಂದ ಹೊರೋದೂ ಅಮ್ಮನೇ ಅಲ್ವಾ’ ಎಂದ.